ಧಾರವಾಡದ ಕಾರ್ಖಾನೆಗೆ ವಿದೇಶಿ ತಜ್ಞ: ಎಂಪ್ಲಾಯ್‌ಮೆಂಟ್ ವೀಸಾದ ಲೆಕ್ಕ, ಕಾಗದ, ಗಡುವು

ನಮ್ಮ ಕಡೆ ವರ್ಕ್ ವೀಸಾ ಅಂದರೆ ಮಗನದೋ ಅಳಿಯನದೋ ಎಚ್-1ಬಿ ಎಂದೇ ಅರ್ಥ. ಅಮೆರಿಕದಲ್ಲಿ ಅದಕ್ಕೆ ಸಂಖ್ಯೆಯ ಮಿತಿ ಇದೆ: ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಅಲ್ಲಿಂದ ಇಲ್ಲಿಗೆ ಕರೆಸುವ ಮಾತು ಬಂದಾಗ, ಅಂದರೆ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿ ಇಟಲಿಯಿಂದ ಒಬ್ಬ ಡೈ (ಅಚ್ಚು) ತಜ್ಞನನ್ನು ಎರಡು ವರ್ಷಕ್ಕೆ ಕೆಲಸಕ್ಕೆ ತೆಗೆದುಕೊಳ್ಳುವಾಗ, ಭಾರತದ ಕಾನೂನಿನಲ್ಲಿ ಅಂಥ ವಾರ್ಷಿಕ ಕೋಟಾ ಇಲ್ಲ. ಮಿತಿ ಇರುವುದು ಒಂದೊಂದು ಅರ್ಜಿಯ ಮೇಲೆ. ಸಂಬಳ ಇಷ್ಟಕ್ಕಿಂತ ಕಡಿಮೆ ಇರಬಾರದು, ಹುದ್ದೆ ಇಂಥದ್ದಾಗಿರಬೇಕು, ಕಂಪನಿ ಒಂದೇ ಆಗಿರಬೇಕು.

ಅರ್ಜಿಗಳು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕರಾರಿನಲ್ಲಿ ಒಂದು ಸಂಬಳ, ವೀಸಾ ಅರ್ಜಿಯಲ್ಲಿ ಇನ್ನೊಂದು, ಕಂಪನಿ ಕೊಡುವ ಸಂಬಳ-ತೆರಿಗೆ ಕಡಿತದ ಪತ್ರವಾದ ಫಾರ್ಮ್ 16ರಲ್ಲಿ ಮೂರನೆಯದು. ಹುದ್ದೆಯ ಹೆಸರು, ಮನೆಯ ವಿಳಾಸದ ಕಥೆಯೂ ಅಷ್ಟೇ. ಆದ್ದರಿಂದ ಎಲ್ಲಕ್ಕಿಂತ ಮೊದಲು ಕರಾರುಪತ್ರವನ್ನು ಗಟ್ಟಿ ಮಾಡಿಕೊಂಡು, ಮುಂದಿನ ಪ್ರತಿ ಕಾಗದವನ್ನೂ ಅದನ್ನೇ ನೋಡಿ ತುಂಬಬೇಕು.

ಮೊದಲು: ಎಂಪ್ಲಾಯ್‌ಮೆಂಟ್ ವೀಸಾ ನಿಜಕ್ಕೂ ಬೇಕೇ?

ಬರುವವರು ಓಸಿಐ ಕಾರ್ಡುದಾರರಾದರೆ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು ಇದ್ದವರಾದರೆ, ಬೇಡ. ಅವರಿಗೆ ಸಂಬಳದ ಕನಿಷ್ಠ ಮಿತಿ ಇಲ್ಲ, ವಿದೇಶಿಯರ ನೋಂದಣಿಯೂ ಇಲ್ಲ. ಸಂಶೋಧನೆ, ಪತ್ರಿಕೋದ್ಯಮದಂಥ ಕೆಲವೇ ಕೆಲಸಗಳಿಗೆ ಮಾತ್ರ ವಿಶೇಷ ಪರವಾನಗಿ ಬೇಕು. ಹುಬ್ಬಳ್ಳಿಯಿಂದ ಹೋಗಿ ಅಮೆರಿಕದ ಪೌರತ್ವ ಪಡೆದ ಎಂಜಿನಿಯರ್ ಊರಿಗೆ ಮರಳಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ನೇಪಾಳ, ಭೂತಾನದವರಿಗೂ ವೀಸಾ ಬೇಡ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಬರುವವರದು ಬೇರೆಯೇ ದಾರಿ: ಅವರು ಇಲ್ಲಿ ಈಗಾಗಲೇ ನೋಂದಣಿಯಾದವರು, ಅವರ ನೋಂದಣಿ ಪತ್ರ ಚಾಲ್ತಿಯಲ್ಲಿದೆಯೇ ಎಂದು ನೋಡಿದರೆ ಸಾಕು.

ಯಂತ್ರ ಕೂಡಿಸಲು ಬರುವವರ ವಿಷಯದಲ್ಲಿ ಎಡವುವವರು ಬಹಳ. ಗದಗಿನ ಮುದ್ರಣಾಲಯ ಜರ್ಮನಿಯಿಂದ ಆಫ್‌ಸೆಟ್ ಯಂತ್ರ ತರಿಸಿತು, ಅದನ್ನು ಜೋಡಿಸಿ ಓಡಿಸಿ ತೋರಿಸಲು ಪೂರೈಕೆದಾರನ ಕಡೆಯ ಮೆಕ್ಯಾನಿಕ್ ಆರು ವಾರಕ್ಕೆ ಬರುತ್ತಾನೆ ಎನ್ನಿ. ಅವನು ನಿಮ್ಮ ನೌಕರನಲ್ಲ. 2025ರ ನವೆಂಬರ್ ಕೊನೆಯಿಂದ ಇಂಥವರಿಗೆಂದೇ ಇ-ಬಿ-4 ಎಂಬ ಬಿಸಿನೆಸ್ ವೀಸಾ ಬಂದಿದೆ. ಯಂತ್ರ ಜೋಡಣೆ, ಚಾಲನೆ, ಗುಣಮಟ್ಟ ತಪಾಸಣೆ, ಅಗತ್ಯ ನಿರ್ವಹಣೆ, ತರಬೇತಿ ಇದರಲ್ಲಿ ಸೇರುತ್ತವೆ. ಆರು ತಿಂಗಳವರೆಗೆ ಇರಬಹುದು. ಪ್ರಾಯೋಜಕತ್ವದ ಪತ್ರವನ್ನು ಇಲ್ಲಿನ ಕಂಪನಿ ಕೇಂದ್ರ ಸರ್ಕಾರದ ನ್ಯಾಷನಲ್ ಸಿಂಗಲ್ ವಿಂಡೋ ಪೋರ್ಟಲ್‌ನಲ್ಲಿ ತೆಗೆಯಬೇಕು. ಸಾಮಾನ್ಯ ಬಿಸಿನೆಸ್ ವೀಸಾ ಮಾತುಕತೆಗೆ, ಖರೀದಿಗೆ, ಘಟಕ ನೋಡಿಹೋಗುವುದಕ್ಕೆ. ಆ ವೀಸಾ ಇಟ್ಟುಕೊಂಡು ಶಿಫ್ಟಿನಲ್ಲಿ ನಿಂತು ಕೆಲಸ ಮಾಡುವುದು ವೀಸಾ ಷರತ್ತಿನ ಉಲ್ಲಂಘನೆ. 'ಎರಡೇ ವಾರದ ಮಾತು, ಯಾರು ಕೇಳ್ತಾರ' ಎನ್ನುವ ಮಾತಿಗೆ ಕಿವಿಗೊಡಬೇಡಿ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಇಮಿಗ್ರೇಷನ್ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ಷರತ್ತು ಮುರಿದರೆ, ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಜೈಲು, ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಧಾರವಾಡದಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಯನ್ನು ಸ್ಟೂಡೆಂಟ್ ವೀಸಾದ ಮೇಲೆ ಅರೆಕಾಲಿಕ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ತಜ್ಞನ ಜೊತೆ ಅವಲಂಬಿತಳಾಗಿ ಬಂದ ಹೆಂಡತಿಯನ್ನು, ಆಕೆ ಎಷ್ಟೇ ಓದಿದ್ದರೂ, ಆ ವೀಸಾದ ಮೇಲೆ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ.

16.25 ಲಕ್ಷದ ಲೆಕ್ಕ

ಎಂಪ್ಲಾಯ್‌ಮೆಂಟ್ ವೀಸಾಕ್ಕೆ ಸಂಬಳ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಇರಬೇಕು, ತಿಂಗಳಿಗೆ ಸುಮಾರು 1,35,417. ವಿದೇಶಿ ಶೈಲಿಯ ಅಡುಗೆಯವರು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು, ಅನುವಾದಕರು, ರಾಯಭಾರ ಕಚೇರಿಯ ಸಿಬ್ಬಂದಿ ಈ ಮಿತಿಯ ಹೊರಗೆ. ಐಐಟಿ ಧಾರವಾಡದಂಥ ಕೇಂದ್ರೀಯ ಸಂಸ್ಥೆಗಳ ಬೋಧಕರಿಗೆ ಮಿತಿ 9.10 ಲಕ್ಷ. ಕಾರ್ಖಾನೆಗೆ ಈ ಯಾವ ವಿನಾಯಿತಿಯೂ ಸಿಗುವುದಿಲ್ಲ.

ಈ ಮೊತ್ತದಲ್ಲಿ ಏನೇನು ಸೇರುತ್ತದೆ? ನಗದಾಗಿ ಕೊಡುವ ಸಂಬಳ, ಭತ್ಯೆ ಎಲ್ಲವೂ ಸೇರುತ್ತವೆ. ಮನೆಯಂಥ ಸೌಲಭ್ಯಗಳಲ್ಲಿ ಆದಾಯ ತೆರಿಗೆಯ ಕಣ್ಣಿಗೆ 'ಸಂಬಳ' ಎನಿಸಿಕೊಳ್ಳುವ ಭಾಗ ಮಾತ್ರ ಸೇರುತ್ತದೆ, ಅದೂ ಕರಾರಿನಲ್ಲಿ ರೂಪಾಯಿ ಲೆಕ್ಕದಲ್ಲಿ ಬರೆದಿದ್ದರೆ. ತೆರಿಗೆ ಬೀಳದ ಸೌಲಭ್ಯವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 1,20,000 ರೂಪಾಯಿ ನಗದು, ವಿದ್ಯಾನಗರದಲ್ಲಿ ಕಂಪನಿಯೇ ಬಾಡಿಗೆಗೆ ಹಿಡಿದ ಮನೆ, ಅದರ ಬಾಡಿಗೆ 22,000. ಕಂಪನಿಯವರ ಲೆಕ್ಕ ಹೀಗಿರುತ್ತದೆ: ನಗದು 14.40 ಲಕ್ಷ, ಬಾಡಿಗೆ 2.64 ಲಕ್ಷ, ಒಟ್ಟು 17.04 ಲಕ್ಷ, ಮಿತಿ ದಾಟಿತು. ದಾಟಿಲ್ಲ. ಕಂಪನಿ ಬಾಡಿಗೆಗೆ ಹಿಡಿದುಕೊಟ್ಟ ಮನೆಯ ತೆರಿಗೆ ಮೌಲ್ಯವೆಂದರೆ, ಕಟ್ಟಿದ ಬಾಡಿಗೆ ಮತ್ತು ಸಂಬಳದ 10 ಪ್ರತಿಶತ, ಇವೆರಡರಲ್ಲಿ ಕಡಿಮೆಯದು. ಹಿಂದೆ 15 ಪ್ರತಿಶತ ಇತ್ತು, 2023ರ ಸೆಪ್ಟೆಂಬರ್ 1ರಿಂದ 10 ಆಯಿತು. ಹಾಗಾಗಿ ಮನೆಗೆ ಸಿಗುವುದು 1.44 ಲಕ್ಷ, ಒಟ್ಟು 15.84 ಲಕ್ಷ. ಮಿತಿಗೆ 41,000 ರೂಪಾಯಿ ಕಡಿಮೆ. ನಗದನ್ನು 1,25,000ಕ್ಕೆ ಏರಿಸಿದರೆ 15 ಲಕ್ಷ, ಮನೆಗೆ 1.50 ಲಕ್ಷ, ಒಟ್ಟು 16.50. ಈಗ ಸರಿ. ಐದು ಸಾವಿರ ಉಳಿಸಲು ಹೋಗಿ ಇಡೀ ಅರ್ಜಿ ಕಳೆದುಕೊಳ್ಳುವುದು ಇಲ್ಲಿಯೇ.

ಕಂಪನಿಯ ಸ್ವಂತ ಗೆಸ್ಟ್‌ಹೌಸ್ ಕೊಟ್ಟರೆ ಮೌಲ್ಯ ಇನ್ನೂ ಕಡಿಮೆ. 2011ರ ಜನಗಣತಿಯಲ್ಲಿ 15 ಲಕ್ಷದೊಳಗಿನ ಜನಸಂಖ್ಯೆ ಇರುವ ಊರಿಗೆ ಅದು ಸಂಬಳದ 5 ಪ್ರತಿಶತ ಮಾತ್ರ. ಹುಬ್ಬಳ್ಳಿ-ಧಾರವಾಡದ್ದು ಆಗ ಹತ್ತು ಲಕ್ಷದೊಳಗೆ, ಗದಗ, ಹಾವೇರಿಯ ಮಾತು ಬಿಡಿ. ಬೆಂಗಳೂರಿನ ಕನ್ಸಲ್ಟೆಂಟ್ ಕಳಿಸಿದ ಎಕ್ಸೆಲ್ ಹಾಳೆಯಲ್ಲಿ 10 ಪ್ರತಿಶತ ಇರುತ್ತದೆ. ಅಲ್ಲಿಗೆ ಅದು ಸರಿ, ಇಲ್ಲಿಗೆ ಅಲ್ಲ.

ಮಿತಿಗೆ ಅಂಟಿಕೊಂಡೇ ಸಂಬಳ ನಿಗದಿ ಮಾಡಬೇಡಿ. ಒಂದು ತಿಂಗಳು ಸಂಬಳವಿಲ್ಲದ ರಜೆ ಹಾಕಿದರೂ ವರ್ಷದ ಮೊತ್ತ ಕೆಳಗಿಳಿಯುತ್ತದೆ, ಅದು ವಿಸ್ತರಣೆಯ ಹೊತ್ತಿಗೆ ಫಾರ್ಮ್ 16ರಲ್ಲಿ ಕಾಣುತ್ತದೆ. 18 ಲಕ್ಷದ ಆಸುಪಾಸು ಇಟ್ಟರೆ ನೆಮ್ಮದಿ.

'ಇಲ್ಲಿ ಸಿಗುವುದಿಲ್ಲ' ಎಂಬ ಪತ್ರ

ಅರ್ಹ ಭಾರತೀಯರು ಸಾಕಷ್ಟು ಸಿಗುವ ಕೆಲಸಕ್ಕೆ, ದಿನನಿತ್ಯದ ಸಾಮಾನ್ಯ ಕೆಲಸಕ್ಕೆ, ಕಾರಕೂನಿಕೆಗೆ ಈ ವೀಸಾ ಕೊಡುವುದಿಲ್ಲ. ಹುದ್ದೆಯ ಹೆಸರು 'ಮೆಕ್ಯಾನಿಕಲ್ ಎಂಜಿನಿಯರ್' ಎಂದು ಬರೆದರೆ ಪತ್ರ ಅಲ್ಲಿಗೇ ಸೋತಂತೆ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಂದಲೇ ವರ್ಷವರ್ಷ ಅಂಥವರು ಹೊರಬರುತ್ತಾರೆ. ಯಾವ ಯಂತ್ರ, ಯಾವ ಮಾದರಿ, ಯಾವ ಪ್ರಕ್ರಿಯೆ, ಆ ವ್ಯಕ್ತಿಗೆ ಅದರಲ್ಲಿ ಎಷ್ಟು ವರ್ಷದ ಅನುಭವ, ನೀವು ಇಲ್ಲಿ ಎಲ್ಲಿ ಜಾಹೀರಾತು ಕೊಟ್ಟಿರಿ, ಎಷ್ಟು ಜನ ಬಂದರು, ಅವರಲ್ಲಿ ಏನು ಕೊರತೆ ಇತ್ತು, ಇವಿಷ್ಟನ್ನು ಒಂದೂವರೆ ಪುಟದಲ್ಲಿ ಬರೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ಓಲಿಯೋರೆಸಿನ್ ಘಟಕವಾದರೆ 'ಉತ್ಪಾದನಾ ವ್ಯವಸ್ಥಾಪಕ' ಬೇಡ. 'ದ್ರಾವಕ ಮೂಲಕ ಸಾರ ತೆಗೆಯುವ ಘಟಕದಲ್ಲಿ ದ್ರಾವಕದ ಉಳಿಕೆ ಇಳಿಸುವ ಪ್ರಕ್ರಿಯೆ ತಜ್ಞ' ಎಂದರೆ ಓದುವ ಅಧಿಕಾರಿಗೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಅವನು ಇರುವಷ್ಟು ದಿನ ಇಲ್ಲಿನ ಎಷ್ಟು ಜನರಿಗೆ ಏನು ಕಲಿಸುತ್ತಾನೆ ಎಂಬ ನಾಲ್ಕು ಸಾಲು ಸೇರಿಸಿ. ನಿಯಮದಲ್ಲಿ ಕೇಳಿಲ್ಲ, ಆದರೆ ಪತ್ರಕ್ಕೆ ತೂಕ ಬರುತ್ತದೆ.

ಕರಾರು, ಅರ್ಜಿ

ಕರಾರಿನಲ್ಲಿ ಹುದ್ದೆ, ಅವಧಿ, ನಗದು, ಸೌಲಭ್ಯಗಳ ರೂಪಾಯಿ ಮೌಲ್ಯ, ತೆರಿಗೆ ಕಟ್ಟುವ ಹೊಣೆ ಯಾರದ್ದು, ಇವೆಲ್ಲ ಇರಲಿ. ಕೆಲಸದ ಸ್ಥಳ ಎನ್ನುವಲ್ಲಿ 'ಧಾರವಾಡ' ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ತಾರಿಹಾಳದ ಗೋದಾಮು, ರಾಣೆಬೆನ್ನೂರಿನ ಘಟಕ, ಗದಗ ಜಿಲ್ಲೆಯ ಗಾಳಿಯಂತ್ರದ ಸೈಟು, ಎಲ್ಲೆಲ್ಲಿ ಅವನು ಹೋಗಬಹುದೋ ಎಲ್ಲವನ್ನೂ ಮೊದಲೇ ಹೆಸರಿಸಿ. ಸಂಬಳದ ಒಂದು ಭಾಗ ವಿದೇಶದ ಮಾತೃಸಂಸ್ಥೆಯಿಂದ ಯೂರೋದಲ್ಲಿ ಹೋಗುವುದಾದರೆ ಅದನ್ನೂ ಬರೆಯಿರಿ. ಎಲ್ಲಿ ಪಾವತಿಯಾದರೂ, ಭಾರತದಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಇಲ್ಲಿ ತೆರಿಗೆ ಉಂಟು.

ಅರ್ಜಿ ಹಾಕುವುದು ಅವನು, ತನ್ನ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯಲ್ಲಿ. ಬೇರೆ ದೇಶದಲ್ಲಿ ನೆಲೆಸಿದ್ದರೆ ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲದ ವಾಸ ಇರಬೇಕು. 'ಈಗ ದುಬೈಗೆ ಬಂದಿದ್ದಾನೆ, ಅಲ್ಲೇ ಹಾಕಿಸೋಣ' ಎನ್ನುವುದು ನಡೆಯುವುದಿಲ್ಲ. ಇಲ್ಲಿಂದ ನೀವು ಕಳಿಸಬೇಕಾದದ್ದು ಸಹಿ ಮಾಡಿದ ಕರಾರು, ನೇಮಕಾತಿ ಪತ್ರ, ಮೇಲಿನ ಸಮರ್ಥನೆ ಪತ್ರ, ಕಂಪನಿಯ ನೋಂದಣಿ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ, ಜೊತೆಗೆ ಅವನ ನಡತೆಗೂ ಅವಧಿ ಮುಗಿದಾಗ ಅವನ ನಿರ್ಗಮನಕ್ಕೂ ಕಂಪನಿ ಹೊಣೆ ಎಂಬ ಮುಚ್ಚಳಿಕೆ. ಸಹಿ ಮಾಡುವವರು ಈ ಕೊನೆಯದನ್ನು ಓದಿಯೇ ಸಹಿ ಮಾಡಲಿ, ಅದು ಬರೀ ಶಿಷ್ಟಾಚಾರದ ಕಾಗದ ಅಲ್ಲ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ, ಎರಡು ಖಾಲಿ ಪುಟ ಬೇಕು. ನಿಜವಾಗಿ ನೋಡಬೇಕಾದದ್ದು ಎರಡು ವರ್ಷದ ಕರಾರಿಗೆ ಪಾಸ್‌ಪೋರ್ಟ್ ಎರಡು ವರ್ಷಕ್ಕೂ ಮೇಲೆ ಚಾಲ್ತಿಯಲ್ಲಿದೆಯೇ ಎಂಬುದನ್ನು.

ಬೆಂಗಳೂರಿನ ಇನ್ನೊಂದು ಕಂಪನಿಯಲ್ಲಿ ಈಗಾಗಲೇ ಇರುವ ವಿದೇಶಿಯನ್ನು ಸೆಳೆದುಕೊಳ್ಳುವ ಯೋಚನೆ ಇದ್ದರೆ ಇಲ್ಲೇ ನಿಲ್ಲಿಸಿ. ಭಾರತದೊಳಗೆ ಇದ್ದುಕೊಂಡೇ ಮಾಲೀಕರನ್ನು ಬದಲಿಸಲು ಅವಕಾಶವಿಲ್ಲ. ಮಾತೃ ಕಂಪನಿ ಮತ್ತು ಅದರ ಅಂಗಸಂಸ್ಥೆಗಳ ನಡುವೆ ಹಿರಿಯ ಹುದ್ದೆಯವರಿಗೆ, ತಾಂತ್ರಿಕ ಪರಿಣತರಿಗೆ ಮುಂಗಡ ಅನುಮತಿಯೊಂದಿಗೆ ಮಾತ್ರ ಸಾಧ್ಯ. ಉಳಿದವರೆಲ್ಲ ದೇಶ ಬಿಟ್ಟು ಹೋಗಿ ಹೊಸ ವೀಸಾದಲ್ಲೇ ಬರಬೇಕು.

ಬಂದಿಳಿದ ಮೇಲೆ: 24 ಗಂಟೆ, 14 ದಿನ

ಇಬ್ಬರ ಮೇಲೆ ಎರಡು ಗಡುವು, ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಮನೆ ಕೊಟ್ಟವರದು. ವಿದೇಶಿಯನ್ನು ಇಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಎಲ್ಲರ ಬಾಯಲ್ಲಿ ಅದು ಇನ್ನೂ 'ಸಿ ಫಾರ್ಮ್'. ಗೋಕುಲ ರೋಡಿನ ದೊಡ್ಡ ಹೋಟೆಲಿನವರಿಗೆ ಇದು ರೂಢಿ, ಕೌಂಟರಿನಲ್ಲೇ ಮಾಡಿಬಿಡುತ್ತಾರೆ. ತೊಡಕು ಶುರುವಾಗುವುದು ಹತ್ತು ದಿನದ ನಂತರ ಅವನು ಕೇಶ್ವಾಪುರದಲ್ಲೋ ಸಪ್ತಾಪುರದಲ್ಲೋ ಬಾಡಿಗೆ ಮನೆಗೆ ಹೋದಾಗ. ಆ ಮನೆಯ ಯಜಮಾನರಿಗೆ ಇಂಥದ್ದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಹೋಟೆಲಿನ ಸಿ ಫಾರ್ಮ್ ಮನೆಗೆ ನಡೆಯುವುದಿಲ್ಲ, ವಿಳಾಸ ಬದಲಾದಂತೆ ಹೊಸದು ಬೇಕು. ಮನೆ ಹುಡುಕುವಾಗಲೇ ಯಜಮಾನರಿಗೆ ಹೇಳಿ, ಪೋರ್ಟಲ್‌ನಲ್ಲಿ ಖಾತೆ ತೆರೆಸಿಕೊಡಿ. ಕೆಲವರು 'ಪೊಲೀಸರ ಉಸಾಬರಿ ನಮಗ್ಯಾಕ' ಎಂದು ಹಿಂಜರಿಯುತ್ತಾರೆ. ಹಾಗಿದ್ದರೆ ಬೇರೆ ಮನೆ ನೋಡುವುದೇ ಲೇಸು.

ಎರಡನೆಯದು ಅವನದು. ವೀಸಾ ಅವಧಿ 180 ದಿನಕ್ಕಿಂತ ಹೆಚ್ಚಿದ್ದರೆ ಬಂದ 14 ದಿನದೊಳಗೆ ನೋಂದಣಿಯಾಗಬೇಕು. ಎಣಿಕೆ ಶುರುವಾಗುವುದು ಬೆಂಗಳೂರಿನಲ್ಲೋ ಗೋವಾದಲ್ಲೋ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ದಿನದಿಂದ. ವಂದೇ ಭಾರತ್ ಹತ್ತಿ ಧಾರವಾಡಕ್ಕೆ ಬಂದ ದಿನದಿಂದ ಅಲ್ಲ, ಕೆಲಸಕ್ಕೆ ಹಾಜರಾದ ದಿನದಿಂದಂತೂ ಅಲ್ಲವೇ ಅಲ್ಲ. ಬೆಂಗಳೂರಿನಲ್ಲಿ ನಾಲ್ಕು ದಿನ ಕಳೆದು ಬಂದರೆ ನಿಮಗೆ ಉಳಿದದ್ದು ಹತ್ತೇ ದಿನ.

ಇದಕ್ಕಾಗಿ ಬೆಂಗಳೂರು ಶಾಂತಿನಗರದ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ) ಕಚೇರಿಗೆ ಓಡಬೇಕಿಲ್ಲ. ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ಅವನ ಹೆಸರಲ್ಲಿ ಖಾತೆ ತೆರೆದು, ಫೋಟೋ, ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ಠಸ್ಸೆಯ ಪುಟ, ಕರಾರು, ಕಂಪನಿಯ ಮುಚ್ಚಳಿಕೆ, ವಿಳಾಸದ ದಾಖಲೆ ಏರಿಸಬೇಕು. ವಿಳಾಸಕ್ಕೆ ಸಿ ಫಾರ್ಮಿನ ಜೊತೆ ಬಾಡಿಗೆ ಕರಾರು, ಮನೆಯ ಹೆಸ್ಕಾಂ ಬಿಲ್ಲು ಇಟ್ಟರೆ ಪ್ರಶ್ನೆ ಕಡಿಮೆ. ಮೂರರಲ್ಲೂ ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡ್ ಒಂದೇ ಇರಲಿ. ಒಂದರಲ್ಲಿ ಹುಬ್ಬಳ್ಳಿ, ಇನ್ನೊಂದರಲ್ಲಿ ಧಾರವಾಡ ಎಂದಿದ್ದರೆ ಅರ್ಜಿ ತಿರುಗಿ ಬರುತ್ತದೆ, ಅವಳಿ ನಗರ ಎಂಬ ಸಮಜಾಯಿಷಿ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಖಾತೆಗೆ ಕೊಡುವ ಇಮೇಲ್ ಅವನದೇ ಆಗಿರಲಿ. ಎಚ್‌ಆರ್ ಹುಡುಗ ತನ್ನ ಇಮೇಲ್ ಕೊಟ್ಟು, ಆರು ತಿಂಗಳಿಗೆ ಕೆಲಸ ಬಿಟ್ಟು ಹೋದರೆ ಮುಂದಿನ ಎಲ್ಲ ಸೂಚನೆಯೂ ಅವನ ಹಿಂದೆಯೇ ಹೋದ ಹಾಗೆ.

ಅವಳಿ ನಗರದೊಳಗೆ ಇದರ ಸ್ಥಳೀಯ ಕೆಲಸ ನವನಗರದ ಪೊಲೀಸ್ ಆಯುಕ್ತರ ಕಚೇರಿಯದು. ಧಾರವಾಡ ಗ್ರಾಮಾಂತರ, ಗದಗ, ಹಾವೇರಿಯಲ್ಲಿ ಜಿಲ್ಲಾ ಎಸ್‌ಪಿ ಕಚೇರಿಯದು. ಪರಿಶೀಲನೆಗೆ ಸಿಬ್ಬಂದಿ ಮನೆಗೆ ಬಂದರೆ ಗಾಬರಿ ಬೇಡ, ಮೂಲ ದಾಖಲೆ ಕೈಗೆ ಸಿಗುವ ಹಾಗೆ ಇಟ್ಟಿರಿ. ಎಲ್ಲ ಸರಿಯಿದ್ದರೆ ನೋಂದಣಿ ಪತ್ರ ಇಮೇಲಿಗೇ ಬರುತ್ತದೆ. ಬ್ಯಾಂಕ್ ಖಾತೆಗೂ ಇದೇ ಪತ್ರ ಕೇಳುತ್ತಾರೆ.

ಸಂಬಳದ ತಿಂಗಳು

ಪ್ಯಾನ್‌ಗೆ ಮೊದಲ ವಾರದಲ್ಲೇ ಅರ್ಜಿ ಹಾಕಿಸಿ, ಇಲ್ಲದಿದ್ದರೆ ಟಿಡಿಎಸ್ (ಸಂಬಳದಲ್ಲೇ ಕಡಿಯುವ ತೆರಿಗೆ) ಕನಿಷ್ಠ 20 ಪ್ರತಿಶತ. ಆಧಾರ್ ಜೋಡಿಸುವ ನಿಯಮ ಭಾರತೀಯ ಪೌರನಲ್ಲದವನಿಗೆ ಇಲ್ಲ. ವೃತ್ತಿ ತೆರಿಗೆ ಕರ್ನಾಟಕದಲ್ಲಿ ಎಲ್ಲರಂತೆ ಅವನಿಗೂ: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300. ಆರ್ಥಿಕ ವರ್ಷದಲ್ಲಿ 182 ದಿನ ತುಂಬಿದರೆ ತೆರಿಗೆಯ ಲೆಕ್ಕದಲ್ಲಿ ಅವನು ನಿವಾಸಿ, ಅಲ್ಲಿಂದ ಮುಂದೆ ಲೆಕ್ಕಪರಿಶೋಧಕರ ಕೆಲಸ.

ಪಿಎಫ್ ಕಥೆ ಇಷ್ಟು ಸಲೀಸಲ್ಲ. ನಮ್ಮ ಕಡೆ ನೌಕರರಿಗೆ 15,000ದ ಮಿತಿ ಹಿಡಿದು 1,800 ರೂಪಾಯಿ ಕಡಿದು ರೂಢಿ. 'ಅಂತಾರಾಷ್ಟ್ರೀಯ ನೌಕರ'ನಿಗೆ ಆ ಮಿತಿ ಇಲ್ಲ. 2008ರಿಂದ ಅವರು ಪಿಎಫ್‌ಗೆ ಒಳಪಟ್ಟಿದ್ದಾರೆ, ವಂತಿಗೆ ಪೂರ್ತಿ ವೇತನದ ಮೇಲೆ. 1,25,000 ರೂಪಾಯಿಯೂ ವೇತನವೇ ಆಗಿದ್ದರೆ ಅವನಿಂದ 15,000, ಕಂಪನಿಯಿಂದ 15,000, ತಿಂಗಳಿಗೆ 30,000. ಈ ಖರ್ಚು ಹಿಡಿಯದೆ ಬಜೆಟ್ ಹಾಕಿದ ಕಂಪನಿ ವರ್ಷದ ಕೊನೆಗೆ ತಲೆ ಮೇಲೆ ಕೈ ಹೊತ್ತು ಕೂರುತ್ತದೆ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 25ರಂದು ಈ ವಿಶೇಷ ನಿಯಮವನ್ನು ಅಸಾಂವಿಧಾನಿಕ ಎಂದಿತು, ಆದರೆ ದಿಲ್ಲಿ ಹೈಕೋರ್ಟ್ 2025ರಲ್ಲಿ ಆ ನಿಯಮ ಸರಿಯೆಂದು ಎತ್ತಿಹಿಡಿಯಿತು. ಆದ್ದರಿಂದ 'ಕೋರ್ಟು ತೆಗೆದು ಹಾಕಿದೆ' ಎಂದು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನವನಗರದ ಪಿಎಫ್ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ಕೇಳಿ, ಉತ್ತರವನ್ನು ಫೈಲಿನಲ್ಲಿಡಿ, ಅಲ್ಲಿಯವರೆಗೆ ಹಣ ಎತ್ತಿಡಿ.

ಒಂದು ಬಿಡುಗಡೆ ಇದೆ. ಜರ್ಮನಿ, ಜಪಾನ್, ದಕ್ಷಿಣ ಕೊರಿಯಾ, ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಮುಂತಾದ ದೇಶಗಳೊಂದಿಗೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವಿದೆ. ಅಲ್ಲಿನ ಕಂಪನಿ ತನ್ನ ನೌಕರನನ್ನು ಇಲ್ಲಿಗೆ ಕಳಿಸಿದ್ದು, ಅವನು ಅಲ್ಲಿ ವಂತಿಗೆ ಕಟ್ಟುತ್ತಿದ್ದರೆ, ಅದನ್ನು ದೃಢಪಡಿಸುವ ಸರ್ಟಿಫಿಕೇಟ್ ಆಫ್ ಕವರೇಜ್ ಎಂಬ ಪತ್ರವನ್ನು ತನ್ನ ದೇಶದಿಂದ ತಂದರೆ ಇಲ್ಲಿ ಪಿಎಫ್ ಬೇಡ. ವಿಮಾನ ಹತ್ತುವ ಮೊದಲೇ ತರಿಸಿ. ಇಟಲಿ, ಚೀನಾದವರಿಗೆ ಈ ದಾರಿ ಇಲ್ಲ. ಒಂದೇ ಮಾದರಿಯ ಯಂತ್ರಕ್ಕೆ ಜರ್ಮನ್ ತಜ್ಞನಿಗೂ ಇಟಲಿಯವನಿಗೂ ತಗಲುವ ಖರ್ಚಿನಲ್ಲಿ ಅಂತರ ಬರುವುದು ಇದರಿಂದಲೂ.

ವಿಸ್ತರಣೆ, ವಿದಾಯ

ವೀಸಾ ಮುಗಿಯಲು ಎರಡು ತಿಂಗಳಿರುವಾಗ ವಿಸ್ತರಣೆಯ ಕಾಗದ ಸಿದ್ಧವಿರಲಿ. ಅರ್ಜಿ ಅದೇ ಇ-ಎಫ್‌ಆರ್‌ಆರ್‌ಒದಲ್ಲಿ. ಫಾರ್ಮ್ 16, ರಿಟರ್ನ್ ಪ್ರತಿ ಕೇಳುತ್ತಾರೆ. ಅವನು ಸೇರಿದ್ದು ಅಕ್ಟೋಬರ್‌ನಲ್ಲಾದರೆ ಮೊದಲ ಫಾರ್ಮ್ 16ರಲ್ಲಿ ಆರೇ ತಿಂಗಳ ಸಂಬಳ, ಎಂಟು ಲಕ್ಷದ ಆಸುಪಾಸು ಕಾಣುತ್ತದೆ. ನೋಡುವವರಿಗೆ ಮಿತಿಗಿಂತ ಕಡಿಮೆ ಎನಿಸುವುದು ಸಹಜ. ತಿಂಗಳವಾರು ಸಂಬಳದ ಪಟ್ಟಿಯನ್ನು ಮೊದಲೇ ಲಗತ್ತಿಸಿದರೆ ಒಂದು ಸುತ್ತಿನ ಪತ್ರವ್ಯವಹಾರ ತಪ್ಪುತ್ತದೆ. ನಡುವೆ ಹೊಸ ಪಾಸ್‌ಪೋರ್ಟ್ ಆಗಿದ್ದರೆ, ಮನೆ ಬದಲಿಸಿದ್ದರೆ, ಆಗಲೇ ನಮೂದಿಸಿರಬೇಕು. ವಿಸ್ತರಣೆಯ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೋದರೆ ಒಂದರ ಬಾಲ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ.

ಅವನು ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಎಫ್‌ಆರ್‌ಆರ್‌ಒಗೆ ಬರಹದಲ್ಲಿ ತಿಳಿಸಿ. ನಿಮ್ಮ ಮುಚ್ಚಳಿಕೆ ಅವನು ದೇಶ ಬಿಡುವ ತನಕ ಜೀವಂತ. ನಿಮ್ಮ ಹೆಸರಿನ ವೀಸಾದಲ್ಲಿ ಅವನು ಗೋವಾದಲ್ಲಿ ಉಳಿದುಬಿಟ್ಟರೆ ಪತ್ರ ಬರುವುದು ನಿಮ್ಮ ಗೇಟಿಗೆ.

ಟಿಕೆಟ್ ತೆಗೆಯುವವರಿಗೆ ಒಂದು ಮಾತು. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಇಲ್ಲ, ಹೊರಡುವ ಠಸ್ಸೆ ಬೀಳುವುದು ಬೆಂಗಳೂರಿನಲ್ಲಿ, ಮತ್ತು ಅಲ್ಲಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲಿನವು. ವೀಸಾ 30ಕ್ಕೆ ಮುಗಿಯುತ್ತದೆ, 30ರ ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟು ರಾತ್ರಿ ಹತ್ತಕ್ಕೆ ನಿಲ್ದಾಣ ಸೇರುತ್ತಾನೆ, ವಿಮಾನ ಎರಡೂವರೆಗೆ. ಆ ಎರಡೂವರೆ 31ನೇ ತಾರೀಖಿನದು. 29ರ ರಾತ್ರಿ ನಿಲ್ದಾಣದಲ್ಲಿರುವಂತೆ, 30ರ ನಸುಕಿನ ಟಿಕೆಟ್ಟನ್ನೇ ತೆಗೆಯಿರಿ.